ತರಬೇತಿ ಕೈಪಿಡಿಯ ಮೊದಲ ಪುಟ



ಅಜೈಲ್ ಮತ್ತು ಲೀನ್ ಬಗ್ಗೆ ಮಾತಾಡಲು ಒಬ್ಬ ಸಿಎಯನ್ನು ಕರೆದಿದ್ದಾರೆ ಎಂದು ಇಲ್ಲಿರುವ ಐಟಿ ಮಿತ್ರರಿಗೆ ಆಶ್ಚರ್ಯವಾಗಿರಬಹುದು. ಸ್ಪ್ರಿಂಟು, ಸ್ಟ್ಯಾಂಡ್‌ಅಪ್ಪು ಎಲ್ಲ ನಿಮಗೆ ಮನೆಮಾತು. ನಾನು ದುಬೈಯಲ್ಲಿ ಒಂದು ವ್ಯಾಪಾರಿ ಸಂಸ್ಥೆಯ ಲೆಕ್ಕ ವಿಭಾಗ ನೋಡಿಕೊಳ್ಳುವವನು. ನಮ್ಮ ವಿಭಾಗದ 14 ಜನರಿಗೆ ಒಂದು ದಿನದ ಕಾರ್ಯಾಗಾರ ನಡೆಸಿ, ಸಾಮಗ್ರಿಯನ್ನೂ ನೀವೇ ತಯಾರಿಸಿ ಎಂದು ಕಳೆದ ವರ್ಷ ನನಗೆ ಹೇಳಿದರು. ಆ ತಯಾರಿಯ ಬಗ್ಗೆ ಮಾತ್ರ ಇವತ್ತು ಹೇಳುತ್ತೇನೆ. ಸಿದ್ಧಾಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕೈಗೆ ಮೊದಲು ಬಂದದ್ದು 90 ಸ್ಲೈಡುಗಳ ಒಂದು ಸಿದ್ಧ ಕಡತ. ಅದರಲ್ಲಿ ಕಾರು ಕಾರ್ಖಾನೆಯ ಚಿತ್ರಗಳಿದ್ದವು, ಗೋಡೆ ತುಂಬ ಹಳದಿ ಚೀಟಿ ಅಂಟಿಸಿಕೊಂಡ ಸಾಫ್ಟ್‌ವೇರ್ ಟೀಮಿನ ಚಿತ್ರಗಳಿದ್ದವು. ಒಂದೇ ಒಂದು ಬಿಲ್ಲಿನ ಚಿತ್ರ ಇರಲಿಲ್ಲ. ಅದನ್ನು ಬದಿಗಿಟ್ಟು, ಒಬ್ಬ ಸಪ್ಲೈಯರ್ ಕಳಿಸಿದ ಒಂದು ಬಿಲ್ಲನ್ನು ಹಿಡಿದು ಅದರ ಹಿಂದೆ ಹೊರಟೆ. ಮೂರನೇ ತಾರೀಕು ಬಂದ ಬಿಲ್ಲಿಗೆ ದುಡ್ಡು ಹೋದದ್ದು 22ಕ್ಕೆ. ಈ 19 ದಿನಗಳಲ್ಲಿ ಯಾರಾದರೂ ಅದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದು ಹೆಚ್ಚೆಂದರೆ 40 ನಿಮಿಷ. ಉಳಿದ ಹೊತ್ತೆಲ್ಲ ಟ್ರೇಯಲ್ಲಿ, ಇನ್‌ಬಾಕ್ಸಿನಲ್ಲಿ, ಒಪ್ಪಿಗೆ ಕೊಡಬೇಕಾದವರು ಮಸ್ಕತ್‌ನಿಂದ ಬರಲಿ ಎಂದು ಕಾಯುತ್ತಾ ಕಳೆದಿತ್ತು.

ಆ ಬಿಲ್ಲಿನ ಪ್ರಯಾಣವನ್ನು ಒಂದು ದೊಡ್ಡ ಹಾಳೆಯ ಮೇಲೆ ಬರೆದೆ. ಕಾರ್ಯಾಗಾರದ ಅರ್ಧ ದಿನ ಆ ಒಂದೇ ಹಾಳೆಯ ಮೇಲೆ ನಡೆಯಿತು. ಬರೆಯುವಾಗ ಒಂದು ಎಚ್ಚರ ವಹಿಸಿದ್ದೆ: ಯಾರ ಮೇಜು ಎಂದು ಬರೆಯಲಿಲ್ಲ, ಯಾವ ಹಂತ ಎಂದಷ್ಟೇ ಬರೆದೆ. ಹೆಸರು ಬಿದ್ದರೆ ಅದು ತರಬೇತಿ ಅಲ್ಲ, ವಿಚಾರಣೆ.

ಟೊಯೋಟಾದ ತೈಚಿ ಓನೋ ಏಳು ಬಗೆಯ ವ್ಯರ್ಥಗಳನ್ನು ಪಟ್ಟಿ ಮಾಡಿದ್ದಾರೆ. ಅದನ್ನು ಹಾಗೇ ಅಚ್ಚು ಹಾಕಿಸಿ ಕೊಟ್ಟರೆ ಲೆಕ್ಕದವರಿಗೆ ಅದು ಬೇರೆ ಊರಿನ ಸುದ್ದಿ. ಬೇಕಾದ್ದಕ್ಕಿಂತ ಹೆಚ್ಚು ಉತ್ಪಾದನೆ ಎಂದರೆ ನಮ್ಮಲ್ಲಿ ಏನು? ಯಾರೂ ತೆರೆಯದ ವಾರದ ವರದಿ. ದಾಸ್ತಾನು ಎಂದರೆ ಟ್ರೇಯಲ್ಲಿ ಕೂತ ಬಿಲ್ಲುಗಳು. ತಮಾಷೆ ನೋಡಿ, ನಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ದಾಸ್ತಾನು ಆಸ್ತಿ, ಓನೋ ಅವರ ಪಟ್ಟಿಯಲ್ಲಿ ವ್ಯರ್ಥ. ನಮ್ಮ ಟೀಮಿನಲ್ಲಿ ಇದರ ಮೇಲೆ ಒಳ್ಳೆಯ ಜಗಳವೇ ಆಯಿತು. ಆಗಲಿ ಎಂದೇ ಪ್ರಶ್ನೆಯಾಗಿ ಹಾಕಿದ್ದೆ, ಉತ್ತರ ಬರೆದಿರಲಿಲ್ಲ.

ಬ್ಯಾಚ್ ಎಂದರೇನು, ಪುಲ್ ಎಂದರೇನು ಎಂದು ನಮ್ಮವರಿಗೆ ಹೇಳಬೇಕಾದರೆ ಕಷ್ಟವೇ ಇಲ್ಲ. ಮದುವೆಮನೆಯ ಪಂಕ್ತಿ ಬ್ಯಾಚ್. ಕೊನೆಯವರು ಮಜ್ಜಿಗೆ ಕುಡಿದು ಏಳುವ ತನಕ ಮುಂದಿನ ಪಂಕ್ತಿಯವರು ಕುರ್ಚಿಯ ಹಿಂದೆ ನಿಂತಿರಬೇಕು. ದರ್ಶಿನಿಯಲ್ಲಿ ನೀವು ಚೀಟಿ ಕೊಟ್ಟ ಮೇಲೆ ದೋಸೆ ಹುಯ್ಯುತ್ತಾರೆ, ಅದು ಪುಲ್. ಇಡ್ಲಿ ಮಾತ್ರ ಅಲ್ಲೂ ಪಂಕ್ತಿಯೇ, ಒಂದೊಂದೇ ಇಡ್ಲಿ ಬೇಯಿಸಲು ಆಗುವುದಿಲ್ಲವಲ್ಲ! ಲೆಕ್ಕದಲ್ಲೂ ಇಂಥ ಇಡ್ಲಿಗಳಿವೆ. ವ್ಯಾಟ್ ರಿಟರ್ನ್ ಅವಧಿಗೆ ಒಂದೇ ಸಲ, ಅವಧಿ ಮುಗಿದ 28 ದಿನದೊಳಗೆ. ಆದರೆ ನಮ್ಮ ಪಾವತಿಗಳನ್ನು ಗುರುವಾರದ ತನಕ ಗುಡ್ಡೆ ಹಾಕಬೇಕೆಂದು ಯಾವ ಕಾನೂನೂ ಹೇಳಿಲ್ಲ.

ಟೀಮಿನಲ್ಲಿ ಕೇರಳದವರು, ಫಿಲಿಪೀನ್ಸ್‌ನವರು, ಈಜಿಪ್ಟಿನವರು ಇದ್ದದ್ದರಿಂದ ಪಂಕ್ತಿಯ ಹೋಲಿಕೆ ಎಲ್ಲರಿಗೂ ನಡೆಯುತ್ತಿರಲಿಲ್ಲ. ಅದಕ್ಕೊಂದು ಆಟ ಇಟ್ಟೆ. ನಾಣ್ಯ ಮಗುಚುವ ಆಟ ಅಂತ ನಿಮ್ಮಲ್ಲಿ ಹಲವರು ಆಡಿರುತ್ತೀರಿ. ನಾನು ನಾಣ್ಯದ ಬದಲು 20 ಖಾಲಿ ವೋಚರ್ ಇಟ್ಟೆ. ನಾಲ್ಕು ಜನ ಸಾಲಾಗಿ ಕೂತು ಪ್ರತಿ ವೋಚರಿಗೂ ಚಿಕ್ಕ ಸಹಿ ಹಾಕಬೇಕು. ಒಂದು ಸಹಿಗೆ ಒಂದು ಸೆಕೆಂಡ್ ಎಂದು ಹಿಡಿದರೆ, 20ನ್ನೂ ಮುಗಿಸಿ ಮುಂದಿನವರಿಗೆ ಕೊಡುವುದಾದರೆ ಒಟ್ಟು 80 ಸೆಕೆಂಡ್ ಬೇಕು. ಐದೈದರಂತೆ ಕೊಟ್ಟರೆ 35. ಒಂದೊಂದಾಗಿ ಕೊಟ್ಟರೆ 23. ಮೊದಲ ವೋಚರ್ ಹೊರಗೆ ಬರುವ ಹೊತ್ತಂತೂ 80ರಿಂದ 20, ಅಲ್ಲಿಂದ ನಾಲ್ಕಕ್ಕೆ ಇಳಿಯುತ್ತದೆ. ಯಾರೂ ಕೈ ಬೇಗ ಆಡಿಸಲಿಲ್ಲ, ಯಾರೂ ಓವರ್‌ಟೈಮ್ ಮಾಡಲಿಲ್ಲ. ಇದನ್ನು ಸ್ಲೈಡಿನಲ್ಲಿ ತೋರಿಸಿದರೆ ತಲೆ ಆಡಿಸುತ್ತಾರೆ, ಕೈಯಿಂದ ಮಾಡಿಸಿದರೆ ನಂಬುತ್ತಾರೆ.

ಇನ್ನು ಅಜೈಲ್. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಬರೆದ ಪ್ರಣಾಳಿಕೆಯಲ್ಲಿ ನಾಲ್ಕು ಮೌಲ್ಯಗಳಿವೆ. ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ ಎಂಬುದು ಅದರಲ್ಲೊಂದು. ಇದನ್ನು ಲೆಕ್ಕದವರ ಮುಂದೆ ಬರಿದೇ ಹೇಳಿದರೆ ಅಪಾಯ. ನಮ್ಮಲ್ಲಿ ದಾಖಲೆಯೇ ಸಾಕ್ಷಿ. ಕಡೆಗಣಿಸಲಾದ ಬದಿಗೂ ಬೆಲೆ ಇದೆ ಎಂದು ಆ 17 ಜನರೇ ಕೆಳಗೆ ಒಂದು ಸಾಲು ಸೇರಿಸಿದ್ದಾರೆ. ನನಗೆ ಬಂದ 90 ಸ್ಲೈಡಿನಲ್ಲಿ ಅದೇ ಸಾಲು ಕಾಣೆಯಾಗಿತ್ತು! ಹಾಗಾಗಿ ಒಂದು ಇಡೀ ಪುಟವನ್ನು ‘ಇವನ್ನು ಮುಟ್ಟಬೇಡಿ’ ಎಂಬುದಕ್ಕೆ ಮೀಸಲಿಟ್ಟೆ. ಬಿಲ್ ಎಂಟ್ರಿ ಮಾಡಿದವರೇ ಪಾವತಿಗೆ ಒಪ್ಪಿಗೆ ಕೊಡಬಾರದು. ಬ್ಯಾಂಕಿನ ತಾಳೆ ನೋಡುವವರು ಬೇರೆಯವರೇ ಇರಬೇಕು. ಟೀಮು ಎಷ್ಟೇ ಸ್ವಯಂಚಾಲಿತವಾದರೂ ಇದು ಬದಲಾಗದು. ಉಳಿದ ತಪಾಸಣೆಗಳಿಗೆ ಒಂದು ಪ್ರಶ್ನೆ ಕೊಟ್ಟೆ: ಈ ಸಹಿ ಕೊನೆಯ ಸಲ ಒಂದು ತಪ್ಪನ್ನು ಹಿಡಿದದ್ದು ಯಾವಾಗ? ಐದು ಸಹಿಗಳಲ್ಲಿ ಎರಡಕ್ಕೆ ಯಾರಿಗೂ ಉತ್ತರ ಹೊಳೆಯಲಿಲ್ಲ.

ಸಾಮಗ್ರಿಯನ್ನು ಎರಡೆರಡು ಪುಟದಂತೆ ಮಾಡಿ ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳಾದ ಹುಡುಗಿಗೆ ಓದಲು ಕೊಡುತ್ತಿದ್ದೆ. ಅವಳು ಎಲ್ಲಿ ತಡೆದಳೋ ಅಲ್ಲಿ ಪದ ಬದಲಿಸಿದೆ. ಕೊನೆಗೆ ಉಳಿದದ್ದು 12 ಪುಟ. ಆ ಹುಡುಗಿಯೇ ಒಂದು ದಿನ ಹಾಳೆ ವಾಪಸ್ ಕೊಡುತ್ತಾ ಬಾಗಿಲ ಬಳಿ ನಿಂತು ಕೇಳಿದಳು, "ಸರ್, ಇದೆಲ್ಲ ಯಾರನ್ನು ತೆಗೆಯುವುದಕ್ಕೆ?"

ಬಂಧುಗಳೇ, ಈ ಪ್ರಶ್ನೆಯ ತೂಕ ಗಲ್ಫ್‌ನಲ್ಲಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಮಕ್ಕಳ ಶಾಲೆ, ಮನೆಯ ಬಾಡಿಗೆ ಚೆಕ್ಕು, ಊರಿನ ಸಾಲದ ಕಂತು ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಹೀಗಿರುವವರ ಹತ್ತಿರ "ನಿಮ್ಮ ಕೆಲಸದಲ್ಲಿ ವ್ಯರ್ಥ ಎಲ್ಲಿದೆ ತೋರಿಸಿ" ಎಂದರೆ ಯಾರು ತೋರಿಸುತ್ತಾರೆ? ನಾನಾಗಿದ್ದರೂ ತೋರಿಸುತ್ತಿರಲಿಲ್ಲ.

ಆ ಸಿದ್ಧ ಕಡತದಲ್ಲಿ ಒಂದು ಸ್ಲೈಡ್ ಇತ್ತು: ಉಳಿಯುವ ಗಂಟೆಗಳನ್ನು ಸಂಬಳದಿಂದ ಗುಣಿಸಿ, ಇಷ್ಟು ದಿರ್ಹಮ್ ಉಳಿತಾಯ ಎಂದು. ಲೆಕ್ಕದವನಾಗಿ ಹೇಳುತ್ತೇನೆ, ಆ ಉಳಿತಾಯ ಲಾಭ-ನಷ್ಟದ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಸಂಬಳ ತಿಂಗಳಿಗೆ ಅಷ್ಟೇ ಹೋಗುತ್ತಿರುತ್ತದೆ. ಅದು ಕಾಣಬೇಕಾದರೆ ಒಂದೋ ಒಬ್ಬರು ಮನೆಗೆ ಹೋಗಬೇಕು, ಇಲ್ಲವೇ ಹೊಸ ಕೆಲಸ ಬಂದು ಹೊಸಬರನ್ನು ತೆಗೆದುಕೊಳ್ಳದೆ ಅದು ನಡೆಯಬೇಕು. ಎರಡನೆಯದೇ ನಮ್ಮಲ್ಲಿ ನಿಜವಾಗಿ ಆಗುತ್ತಿತ್ತು. ಯುಎಇಯಲ್ಲಿ 2018ರ ಜನವರಿಯಲ್ಲಿ ಶೇ. 5ರ ವ್ಯಾಟ್ ಬಂತು, 2023ರ ಜೂನ್‌ನಿಂದ ಶುರುವಾಗುವ ಹಣಕಾಸು ವರ್ಷಗಳಿಗೆ ಕಾರ್ಪೊರೇಟ್ ತೆರಿಗೆ ಬಂತು. ಕೆಲಸ ಬೆಳೆಯಿತು, ಕುರ್ಚಿ ಬೆಳೆಯಲಿಲ್ಲ. ದಿರ್ಹಮ್ ಸ್ಲೈಡ್ ಕಿತ್ತು ಹಾಕಿ, ತಿಂಗಳ ಲೆಕ್ಕ ಮುಗಿಯಲು ಎಷ್ಟು ದಿನ, ತಡಪಾವತಿಯ ದೂರು ಎಷ್ಟು ಎಂಬ ಎರಡೇ ಅಳತೆ ಇಟ್ಟೆ.

ಅದಷ್ಟೇ ಸಾಲದು ಅನ್ನಿಸಿತು. ಟೊಯೋಟಾ ಅಂದರೆ ನಮಗೆ ಬಿಡದಿ ನೆನಪಾಗುತ್ತದೆ, ಆದರೆ ಅದರ ಹಳೆಯ ಕತೆ ಬೇರೆ. 1950ರಲ್ಲಿ ಆ ಕಂಪನಿ ಹಣದ ಮುಗ್ಗಟ್ಟಿಗೆ ಸಿಕ್ಕಿ ಕೆಲಸಗಾರರನ್ನು ಕಡಿಮೆ ಮಾಡಲು ಹೊರಟಿತು. ಮುಷ್ಕರವಾಯಿತು, ಕೀಚಿರೋ ಟೊಯೋಡಾ ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟರು. 1962ರಲ್ಲಿ ಆಡಳಿತವೂ ಕಾರ್ಮಿಕ ಸಂಘವೂ ಪರಸ್ಪರ ವಿಶ್ವಾಸದ ಜಂಟಿ ಘೋಷಣೆಗೆ ಸಹಿ ಹಾಕಿದವು. ಲೀನ್ ಕಲಿಸುವವರು ಏಳು ವ್ಯರ್ಥಗಳನ್ನು ಹೇಳುತ್ತಾರೆ, ಈ ಭಾಗವನ್ನು ಬಿಡುತ್ತಾರೆ.

ಇದನ್ನು ತೆಗೆದುಕೊಂಡು ನಮ್ಮ ಸಿಎಫ್‌ಒ ಹತ್ತಿರ ಹೋದೆ. ಈ ಕಾರ್ಯಾಗಾರದಿಂದ ಉಳಿಯುವ ಸಮಯದ ಆಧಾರದ ಮೇಲೆ ಯಾರನ್ನೂ ತೆಗೆಯುವುದಿಲ್ಲ ಎಂದು ಒಂದು ಪುಟ ಬರೆದು ಸಹಿ ಮಾಡಿ ಕೊಡಿ, ಇಲ್ಲದಿದ್ದರೆ ಇದನ್ನು ಬೇರೆಯವರಿಂದ ಮಾಡಿಸಿ ಎಂದೆ. ಅವರು ತಕ್ಷಣ ಒಪ್ಪಲಿಲ್ಲ. ಮಾರುಕಟ್ಟೆ ಬಿದ್ದರೆ ನಾನು ಕೈ ಕಟ್ಟಿಕೊಂಡು ಕೂರಬೇಕೇ ಎಂದರು. ಅವರ ಮಾತೂ ನ್ಯಾಯವೇ. ಎರಡು ವಾರದ ಚೌಕಾಸಿಯ ನಂತರ ಅರ್ಧ ಸಿಕ್ಕಿತು: ಒಂದು ವರ್ಷದ ಮಟ್ಟಿಗೆ, ಬಿಲ್ ಪಾವತಿ ಮತ್ತು ತಿಂಗಳ ಲೆಕ್ಕದ ಕೆಲಸಗಳಿಗೆ ಮಾತ್ರ. ಆ ಪತ್ರವನ್ನು ಅದರ ಮಿತಿಗಳ ಸಮೇತ ಕೈಪಿಡಿಯ ಮೊದಲ ಪುಟವಾಗಿ ಹಾಕಿದೆ. ಕಾರ್ಯಾಗಾರದ ದಿನ ಎಲ್ಲರೂ ಅದನ್ನು ಎರಡೆರಡು ಸಲ ಓದಿದರು. ಆಮೇಲೆ ಬಿಲ್ಲಿನ ಹಾಳೆಯ ಮುಂದೆ ನಿಂತು, ನಾನು ಗುರುತಿಸದೇ ಇದ್ದ ಆರು ಕಾಯುವ ಜಾಗಗಳನ್ನು ಅವರೇ ಬರೆದರು. ಒಂದನ್ನು ಬರೆದದ್ದು ಆ ಕಿರಿಯ ಹುಡುಗಿ, ಅದೂ ತನ್ನದೇ ಮೇಜಿನದು.

ತಿಂಗಳ ಲೆಕ್ಕ ಈಗ 12ನೇ ದಿನದ ಬದಲು ಎಂಟಕ್ಕೆ ಮುಗಿಯುತ್ತಿದೆ. 14 ಜನ 14ರಷ್ಟೇ ಇದ್ದೇವೆ. ಪತ್ರದ ಅವಧಿ ಬರುವ ತಿಂಗಳು ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಮುಂದುವರಿಸಿ ಎಂದು ಕಳೆದ ವಾರ ಬರೆದು ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಪ್ರಶ್ನೆಗಳಿದ್ದರೆ ಕೇಳಿ, ಊಟಕ್ಕೆ ಇನ್ನೂ ಹತ್ತು ನಿಮಿಷ ಇದೆ.