ಸಾಲದ ದುಡ್ಡಲ್ಲಿ ಪೋಕರ್: ನನ್ನದೇ ಲೆಕ್ಕ

ಇವತ್ತು ನನ್ನ ಲೆಕ್ಕವನ್ನೇ ಹೇಳ್ತೀನಿ. ಆಲೂರಲ್ಲಿ ಪರಿಚಯದವರೊಬ್ಬರ ಹತ್ರ 10,000 ರೂಪಾಯಿ ಸಾಲ ತಗೊಂಡೆ, ತಿಂಗಳಿಗೆ ನೂರಕ್ಕೆ ಐದು ಬಡ್ಡಿ. ಅವರಿಗೆ ಹೇಳಿದ್ದು ಶುಂಠಿಗೆ ಗೊಬ್ಬರ ಅಂತ. ಹೋಗಿದ್ದು ಆನ್‌ಲೈನ್ ಪೋಕರ್‌ಗೆ.

100 ರೂಪಾಯಿ ಟೇಬಲ್, ನೂರು ಸಲ ಕೂರಬಹುದು, ರಿಸ್ಕೇ ಇಲ್ಲ ಅಂದ್ಕೊಂಡೆ. ಬಿ.ಕಾಂ. ಓದಿದವನು ನೋಡಿ! ತಿಂಗಳಿಗೆ 500 ಬಡ್ಡಿ. ಅಂದ್ರೆ ಐದು ಟೇಬಲ್ ದುಡ್ಡು ಗೆದ್ರೂ ನಾನು ಇದ್ದಲ್ಲೇ. ಗೆದ್ದ ಪಾಟ್‌ನಲ್ಲೂ ಆಪ್‌ಗೆ ಕಮಿಷನ್. ಸಾಲದ ದುಡ್ಡು ಅನ್ನೋ ಭಯಕ್ಕೆ, ಬಿಡಬೇಕಾದ ಎಲೆಯನ್ನೂ ಬಿಡ್ತಿರಲಿಲ್ಲ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂತು, ದುಡ್ಡಿನ ಆನ್‌ಲೈನ್ ಆಟ ಬಂದ್. ಉಳಿದಿದ್ದ 1,140 ರೂಪಾಯಿ ವಾಪಸ್ ಬಂತು. ಸಾಲ ಮಾತ್ರ ಬಂದ್ ಆಗಲಿಲ್ಲ. ನಿನ್ನೆ ಬಡ್ಡಿ ಕೊಡೋಕೆ ಹೋದಾಗ, ಶುಂಠಿ ಹೇಗಿದೆ ಅಂತ ಕೇಳಿದ್ರು.