ದೊಡ್ಡವರಿಗೊಂದು ಬಣ್ಣದ ಹಾಳೆ

ಬಣ್ಣ ತುಂಬುವುದು ಮಕ್ಕಳ ಆಟ. ದೊಡ್ಡವರಿಗೇಕೆ ಅದು ಎಂದು ತಾವು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಕಾಯಿಲೆಯವರ ಮಂಚದ ಪಕ್ಕದಲ್ಲಿ ರಾತ್ರಿ ಕಳೆಯುವವರನ್ನು ನೆನೆಯಿರಿ. ಓದಲು ಕುಳಿತರೆ ಅಕ್ಷರ ತಲೆಗೆ ಹತ್ತದು. ಮಲಗಿದರೆ ನಿದ್ರೆ ಬಾರದು. ಅಂಥವರ ಕೈಗೆ ಒಂದು ಸಣ್ಣ ಕೆಲಸ ಬೇಕು. ಆ ಕೆಲಸ ಕೊಡುವ ಹಾಳೆ ಹೇಗಿರಬೇಕು ಎಂಬುದೇ ಇಲ್ಲಿನ ವಿಚಾರ.

ಅಮೆರಿಕದ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 2005ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. 84 ಮಂದಿ ವಿದ್ಯಾರ್ಥಿಗಳಿಂದ ಮೊದಲು ಅವರು ಅಂಜಿದ ಪ್ರಸಂಗವೊಂದನ್ನು ಬರೆಯಿಸಿ, ಬಳಿಕ ಬಣ್ಣ ಹಚ್ಚಲು ಕೊಟ್ಟರು. ಕೆಲವರಿಗೆ ದುಂಡನೆಯ ಮಂಡಲ, ಕೆಲವರಿಗೆ ಚೌಕುಳಿ ವಿನ್ಯಾಸ, ಉಳಿದವರಿಗೆ ಬರಿಯ ಬಿಳಿ ಹಾಳೆ. ಮಂಡಲ ಮತ್ತು ಚೌಕುಳಿಯವರ ಕಳವಳ ಇಳಿಯಿತು. ಬಿಳಿ ಹಾಳೆಯವರಿಗೆ ಆ ಲಾಭವಾಗಲಿಲ್ಲ. ಏನು ಬರೆಯಲಿ ಎಂಬುದೇ ಮತ್ತೊಂದು ಚಿಂತೆಯಾಗಬಹುದಲ್ಲವೆ?

ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಯಲ್ಲಿಯೂ ಇದೇ ಮರ್ಮವುಂಟು. ಮೊದಲು ಚುಕ್ಕಿ, ಆಮೇಲೆ ಎಳೆ. ಮುಂದಿನ ಹೆಜ್ಜೆ ಎಲ್ಲಿ ಎಂದು ಕೈಗೆ ಗೊತ್ತು. ಯಾವ ಬಣ್ಣ ಎಂಬುದು ಮಾತ್ರ ಮನಸ್ಸಿಗೆ ಬಿಟ್ಟದ್ದು. ಹಾಳೆ ಬರೆಯುವವರು ಈ ಎರಡನ್ನೂ ಉಳಿಸಿಕೊಳ್ಳಬೇಕು.

ಆದುದರಿಂದ ನಡುವಿನಿಂದ ಹೊರಟು ಸುತ್ತಲೂ ಮರುಕಳಿಸುವ ಆಕಾರಗಳನ್ನು ಆರಿಸಿರಿ: ಎಸಳು, ಎಲೆ, ಬಳ್ಳಿ, ಅಲೆ. ಗೆರೆ ದಪ್ಪಗೆ, ಸ್ಪಷ್ಟವಾಗಿರಲಿ. ಮನೆಗಳು ತೀರ ಸಣ್ಣವಾದರೆ ಕಣ್ಣು ದಣಿಯುತ್ತದೆ. ಗೆರೆ ದಾಟಿತೆಂದು ಮನಸ್ಸು ಮುದುಡುತ್ತದೆ. ಮುಪ್ಪಿನಿಂದ ಕೈ ನಡುಗುವವರಿಗೆ ಮನೆಗಳನ್ನು ಇನ್ನೂ ದೊಡ್ಡದು ಮಾಡಿರಿ. ಅಲ್ಲಲ್ಲಿ ಒಂದಿಷ್ಟು ಬಯಲು ಬಿಡಿರಿ. ಇಲ್ಲಿಗೆ ಕೆಂಪು, ಅಲ್ಲಿಗೆ ಹಸಿರು ಎಂಬ ಸೂಚನೆ ಬೇಡ. ಮಾದರಿಯಾಗಿ ಬಣ್ಣ ತುಂಬಿದ ಚಿತ್ರವನ್ನೂ ಪಕ್ಕದಲ್ಲಿಡಬೇಡಿ. ಅದನ್ನು ಕಂಡೊಡನೆ ಹೋಲಿಕೆ ಮೊದಲಾಗುತ್ತದೆ. ಎಲ್ಲಿ ನಿಲ್ಲಿಸಿದರೂ ಅರೆಬರೆಯಾಗಿ ಕಾಣದ ಹಾಳೆಯೇ ಒಳ್ಳೆಯ ಹಾಳೆ. ರೋಗಿ ಕರೆದಾಗ ಪೆನ್ಸಿಲ್ ಕೆಳಗಿಟ್ಟು ಏಳಬೇಕಾದವರಿಗೆ ಈ ಗುಣ ಬಹು ಮುಖ್ಯ.

ಆದರೆ ಹಾಳೆಯ ಮೇಲೆ ಹೊರಲಾರದ ಭಾರ ಹೊರಿಸಬಾರದು. ಅದು ಅರ್ಧ ಗಂಟೆಯ ಬಿಡುವು ಕೊಟ್ಟೀತು, ಕಾಯಿಲೆಯನ್ನು ವಾಸಿಮಾಡದು. ವಾರಗಟ್ಟಲೆ ನಿದ್ರೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ, ವೈದ್ಯರ ಬಳಿ ಹೋಗಲು ಸಂಕೋಚವೇಕೆ? 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯ ಮೂಲಕ ಪಡೆಯಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯಲ್ಲಿ ಹಗಲಿರುಳು ಇನ್ನೊಬ್ಬರ ಶುಶ್ರೂಷೆಗೆ ನಿಂತವರಿದ್ದರೆ ಅಂಥ ಒಂದು ಹಾಳೆಯನ್ನು ತಾವೇ ಬರೆದು, ನಾಲ್ಕು ಬಣ್ಣದ ಪೆನ್ಸಿಲ್ಲುಗಳೊಡನೆ ಅವರ ಮುಂದಿಡಿ. ಅವರು ಅದರಲ್ಲಿ ತೊಡಗಿದಷ್ಟು ಹೊತ್ತು ರೋಗಿಯ ಪಕ್ಕದಲ್ಲಿ ತಾವು ಕುಳಿತುಕೊಳ್ಳಿ. ಬಣ್ಣದಷ್ಟೇ ಆ ಬಿಡುವೂ ಅವರಿಗೆ ಬೇಕಾದುದು.