ಕಿವಿಯ ಕೆಲಸಕ್ಕೆ ಕೂಲಿ ಕೊಡೋರು ಯಾರು?

ಇವತ್ತು ರಾಜಕೀಯಕ್ಕೆ ಸ್ವಲ್ಪ ಬಿಡುವು ಕೊಡೋಣ. ನಮ್ಮ ಮನೆಮನೆಯಲ್ಲೂ ಕೇಳಿಬರೋ ಒಂದು ಪ್ರಶ್ನೆಯನ್ನ ಎತ್ತಿಕೊಳ್ಳೋಣ. "ನಿಮ್ಮ ಹುಡುಗ ಇನ್ನೂ ಸೆಟಲ್ ಆಗಲಿಲ್ವಾ?"

ಗುಬ್ಬಿಗೆ ಬನ್ನಿ, ಕುಣಿಗಲ್‌ಗೆ ಬನ್ನಿ, ತುಮಕೂರಿನ ಯಾವ ಬಡಾವಣೆಗೆ ಬೇಕಾದರೂ ಬನ್ನಿ. ಈ ಪ್ರಶ್ನೆಯಿಂದ ತಲೆ ತಪ್ಪಿಸಿಕೊಂಡು ಓಡಾಡೋ ಒಬ್ಬ ಹುಡುಗ ಸಿಕ್ಕೇ ಸಿಗ್ತಾನೆ. ಓದಿದ್ದು ಇಂಜಿನಿಯರಿಂಗೋ, ಡಿಪ್ಲೊಮಾನೋ. ಹಗಲು ಹೊತ್ತು ಯಾವುದೋ ಅಂಗಡಿಯಲ್ಲಿ ಕೆಲಸ. ಜಾತ್ರೆ ಬಂತು ಅಂದರೆ ಸೌಂಡ್ ಸಿಸ್ಟಮ್ ಜೊತೆ ಹೊರಟ. ಆರತಕ್ಷತೆ ಇದ್ದರೆ ಆರ್ಕೆಸ್ಟ್ರಾದಲ್ಲಿ ಗಿಟಾರ್. ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ತನ್ನ ಹಾಡಿಗೆ ತಾನೇ ಡ್ರಮ್ಸು, ತಾನೇ ಬೇಸು, ತಾನೇ ಮಿಕ್ಸಿಂಗು. ಅಪ್ಪ ಕೇಳ್ತಾರೆ: "ನನ್ನ ಮಗ ಇಂಥ ಕೆಲಸದಲ್ಲಿದ್ದಾನೆ ಅಂತ ಯಾರಿಗಾದರೂ ಹೇಗಪ್ಪಾ ಹೇಳಲಿ?"

ಅಪ್ಪನನ್ನ ಬೈಯೋಕೆ ನಾನು ಇಲ್ಲಿ ಕೂತಿಲ್ಲ. ಆ ಪ್ರಶ್ನೆ ಹಿಂದೆ ಭಯ ಇದೆ, ಕಟ್ಟಿದ ಫೀಸಿನ ಲೆಕ್ಕ ಇದೆ. ಹಾಗಾಗಿ ಉತ್ತರವನ್ನೂ ಲೆಕ್ಕದಲ್ಲೇ ಕೊಡಬೇಕು. 'ಸ್ವತಂತ್ರ ಸಂಗೀತಗಾರ' ಅಂತ ದೊಡ್ಡದಾಗಿ ಹೇಳ್ತೀವಲ್ಲ, ಆ ಸ್ವಾತಂತ್ರ್ಯದ ಖರ್ಚು ಕೊಡೋರು ಯಾರು?

ಒಬ್ಬ ಅಮೆರಿಕನ್ ಮನುಷ್ಯನ ಕತೆ ಕೇಳಿ. ಹೆಸರು ಸ್ಟೀವ್ ಆಲ್ಬಿನಿ. ಓದಿದ್ದು ಪತ್ರಿಕೋದ್ಯಮ. ಶಿಕಾಗೊದಲ್ಲಿ ಹೊಟ್ಟೆಪಾಡಿಗೆ ಫೋಟೋ ತಿದ್ದುವ ಕೆಲಸ. ಜೊತೆಗೆ 'ಬಿಗ್ ಬ್ಲ್ಯಾಕ್' ಅಂತ ಒಂದು ರಾಕ್ ಬ್ಯಾಂಡು, ಆಮೇಲೆ 'ಶೆಲ್ಲಾಕ್' ಅಂತ ಇನ್ನೊಂದು. ಬ್ಯಾಂಡಿನಿಂದ ಮನೆ ನಡೆಯಲಿಲ್ಲ. ಮನೆ ನಡೆದದ್ದು ಬೇರೆಯವರ ಹಾಡು ರೆಕಾರ್ಡ್ ಮಾಡಿಕೊಟ್ಟು. 1993ರಲ್ಲಿ ಜಗತ್ತಿನಲ್ಲೇ ದೊಡ್ಡ ಹೆಸರಾಗಿದ್ದ 'ನಿರ್ವಾಣ' ಬ್ಯಾಂಡಿನ 'ಇನ್ ಯುಟೆರೊ' ಆಲ್ಬಮ್ಮಿಗೆ ಕೂತಾಗ ಈ ಮನುಷ್ಯ ರಾಯಲ್ಟಿ ಬೇಡ ಅಂದುಬಿಟ್ಟ. ನಲ್ಲಿ ರಿಪೇರಿ ಮಾಡೋನಿಗೆ ಕೊಡೋ ಹಾಗೆ, ಮಾಡಿದ ಕೆಲಸಕ್ಕೆ ಒಂದು ಸಲ ಕೂಲಿ ಕೊಡಿ, ಸಾಕು ಅನ್ನೋದು ಆತನ ವಾದ. 1997ರಲ್ಲಿ 'ಎಲೆಕ್ಟ್ರಿಕಲ್ ಆಡಿಯೊ' ಅಂತ ಸ್ವಂತ ಸ್ಟುಡಿಯೋ ಕಟ್ಟಿದ. ದೊಡ್ಡ ಬ್ಯಾಂಡು ಬಂದರೂ ಸರಿ, ಹೆಸರೇ ಇಲ್ಲದ ಹುಡುಗರು ಬಂದರೂ ಸರಿ. ಇದೆಲ್ಲದರ ನಡುವೆ 2018 ಮತ್ತು 2022ರಲ್ಲಿ ಪೋಕರ್ ಆಟದ ವಿಶ್ವ ಸರಣಿಯಲ್ಲಿ ಪದಕದ ಕಡಗ ಬೇರೆ ಗೆದ್ದ. ನಮ್ಮಲ್ಲಾಗಿದ್ದರೆ 'ಇಸ್ಪೀಟು ಆಡ್ಕೊಂಡು ಹಾಳಾದ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಿದ್ವಿ. 2024ರ ಮೇ ತಿಂಗಳಲ್ಲಿ, 61ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡ. ಆತನ ಬ್ಯಾಂಡಿನ ಕೊನೆಯ ಆಲ್ಬಮ್ ಹೊರಗೆ ಬಂದದ್ದು ಅದಾದ ಹತ್ತು ದಿನಕ್ಕೆ. ಅಂದರೆ ಬ್ಯಾಂಡು ಕೊನೆವರೆಗೂ ಉಳೀತು. ಅದನ್ನ ಉಳಿಸಿದ್ದು ಕಿವಿಯ ಕೂಲಿ.

ಅಮೆರಿಕದ ಮಾತು ನಮಗ್ಯಾಕೆ ಅಂತೀರಾ? ಬೆಂಗಳೂರಿಗೆ ಬನ್ನಿ. ರಿಕಿ ಕೇಜ್ ಹೆಸರು ಕೇಳಿದ್ದೀರಿ. ದಂತವೈದ್ಯ ಪದವಿ ಓದಿ ಮುಗಿಸಿದವರು. ಆದರೆ ಹಲ್ಲು ಕೀಳೋ ಕುರ್ಚಿ ಪಕ್ಕ ನಿಲ್ಲಲಿಲ್ಲ. ಓದುವಾಗಲೇ 'ಏಂಜೆಲ್ ಡಸ್ಟ್' ಅನ್ನೋ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸ್ತಿದ್ದರು. ಆಮೇಲೆ ವರ್ಷಗಟ್ಟಲೆ ಜಾಹೀರಾತಿನ ಜಿಂಗಲ್. ಸೋಪಿಗೆ, ಬಿಸ್ಕತ್ತಿಗೆ ಅಂತ ಅರ್ಧ ನಿಮಿಷದ ಸಂಗೀತ ಮಾಡೋದನ್ನ ಜನ ಕಲೆ ಅಂತ ಕರೆಯಲ್ಲ. ಆದರೆ ಗಡುವಿನೊಳಗೆ, ಹೇಳಿದ ಭಾವಕ್ಕೆ, ಕಿವಿಗೆ ನಾಟೋ ಹಾಗೆ ಶಬ್ದ ಕಟ್ಟೋದನ್ನ ಅದೇ ಕಲಿಸುತ್ತೆ. 2008ರಲ್ಲಿ ರಮೇಶ್ ಅರವಿಂದ್ ಅವರ 'ಆಕ್ಸಿಡೆಂಟ್' ಚಿತ್ರಕ್ಕೆ ಸಂಗೀತ. 2011ರಲ್ಲಿ ಢಾಕಾದಲ್ಲಿ ನಡೆದ ಕ್ರಿಕೆಟ್ ವಿಶ್ವಕಪ್ ಉದ್ಘಾಟನೆಗೆ ಸಂಗೀತ. 2015ರಲ್ಲಿ ಮೊದಲ ಗ್ರ್ಯಾಮಿ. 2022ರಲ್ಲಿ 'ದಿ ಪೊಲೀಸ್' ಅನ್ನೋ ಹೆಸರಾಂತ ರಾಕ್ ಬ್ಯಾಂಡಿನ ಡ್ರಮ್ಮರ್ ಸ್ಟೀವರ್ಟ್ ಕೋಪ್‌ಲೆಂಡ್ ಜೊತೆ ಮಾಡಿದ 'ಡಿವೈನ್ ಟೈಡ್ಸ್'ಗೆ ಎರಡನೆಯದು.

ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಮೂರನೆಯ ಗ್ರ್ಯಾಮಿ ಬಗ್ಗೆ. 2023ರಲ್ಲಿ ಅದೇ ಆಲ್ಬಮ್ಮಿಗೆ 'ಇಮ್ಮರ್ಸಿವ್ ಆಡಿಯೊ' ವಿಭಾಗದಲ್ಲಿ ಮತ್ತೆ ಪ್ರಶಸ್ತಿ ಬಂತು. ಇದು ರಾಗಕ್ಕೆ, ಗಾಯಕನಿಗೆ ಕೊಡೋ ಪ್ರಶಸ್ತಿ ಅಲ್ಲ. ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಡೋ ಕಾಲ ದಾಟಿ, ಸುತ್ತಲೂ, ತಲೆ ಮೇಲೂ ಸ್ಪೀಕರ್ ಇಟ್ಟು, ಯಾವ ಶಬ್ದ ಯಾವ ದಿಕ್ಕಿನಿಂದ ಬರಬೇಕು ಅಂತ ಜೋಡಿಸೋ ಕೆಲಸಕ್ಕೆ ಸಲ್ಲೋ ಪ್ರಶಸ್ತಿ. ಕೇಜ್ ಮತ್ತು ಕೋಪ್‌ಲೆಂಡ್ ಜೊತೆ ಮಿಕ್ಸಿಂಗ್ ಇಂಜಿನಿಯರ್ ಎರಿಕ್ ಶಿಲ್ಲಿಂಗ್ ಹೆಸರೂ ಅದರಲ್ಲಿದೆ. ತೆರೆಯ ಹಿಂದಿನವನ ಹೆಸರು ವೇದಿಕೆಗೆ ಬರೋ ವಿಭಾಗ ಅದು.

ನಾನೂ ಇಂಜಿನಿಯರಿಂಗ್ ಓದಿದೋನೇ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳುತ್ತೆ. ಅದನ್ನ ಅಂಕಿಯಾಗಿ ಹಿಡಿಯಬೇಕಾದರೆ ಅದರ ದುಪ್ಪಟ್ಟಿಗಿಂತ ಹೆಚ್ಚು ಸಲ ಅಳೀಬೇಕು. ಅದಕ್ಕೇ ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಅಳೀತಾರೆ. ಇದನ್ನ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿ ಎಷ್ಟೋ ಜನ ಮರೆತಿದ್ದೀವಿ. ಆ ಸೌಂಡ್ ಸಿಸ್ಟಮ್ ಹುಡುಗ ಮರೆತಿಲ್ಲ. ಅವನು ಅದನ್ನ ದಿನಾ ಕೇಳಿಸಿಕೊಳ್ತಾನೆ. ನಾನು ಇಲ್ಲಿ ಕೂತು ಜೋರಾಗಿ ಮಾತಾಡ್ತೀನಿ, ನೀವು ನನ್ನ ದನಿ ಗುರುತು ಹಿಡೀತೀರಿ. ಪಕ್ಕದ ಕೋಣೆಯಲ್ಲಿ ಆಡಿಯೊ ಕನ್ಸೋಲ್ ಮೇಲೆ ಬೆರಳಿಟ್ಟು ಕೂತಿರೋನು ಆ ಬೆರಳು ಕೆಳಗೆ ಇಳಿಸಿದರೆ ನಾನು ಬರೀ ಬಾಯಿ ಆಡಿಸೋ ಗೊಂಬೆ.

ಸರಿ, ಇಲ್ಲಿ ಒಂದು ನ್ಯಾಯವಾದ ತಕರಾರಿದೆ. ಕೇಜ್ ಬೆಂಗಳೂರಿನ ವೈದ್ಯರ ಮನೆಯವರು. ಆಲ್ಬಿನಿ ಇದ್ದದ್ದು ಶಿಕಾಗೊದಲ್ಲಿ. ಗುಬ್ಬಿಯ ಹುಡುಗ ಏನು ಮಾಡಬೇಕು?

ಇದಕ್ಕೆ ಉತ್ತರ ಗುಬ್ಬಿಯೇ ಒಂದು ಸಲ ಕೊಟ್ಟಿದೆ. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾಯ್ತು. ಕುರುಕ್ಷೇತ್ರ ನಾಟಕಕ್ಕೆ ಆನೆ, ಕುದುರೆ ತಂದ ಕಂಪನಿ ಅಂತ ನಾವು ಬೆರಗಿನಿಂದ ಹೇಳ್ತೀವಿ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅಲ್ಲಿ ಕಲಾವಿದನಿಗೆ ಊಟ ಇತ್ತು, ವಸತಿ ಇತ್ತು, ಸಂಬಳ ಇತ್ತು. ಕೆಲಸ ಕಲಿಯೋಕೆ ಜಾಗ ಇತ್ತು. ರಾಜ್‌ಕುಮಾರ್ ಅವರ ತಂದೆ ಅಲ್ಲಿದ್ದರು, ರಾಜ್‌ಕುಮಾರ್ ಅಲ್ಲಿ ಬೆಳೆದರು. ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಓಡಿಬಂದ ಒಬ್ಬ ಹುಡುಗ ಕೂಡ ಆ ಕಂಪನಿ ಸೇರಿದ. ಮನೆ ಬಿಟ್ಟು ಬಂದೋನು ಅಂದರೆ ಸೆಟಲ್ ಆಗದೇ ಇರೋನು ಅಂತಲೇ ಲೆಕ್ಕ ಅಲ್ವಾ? ವೀರಣ್ಣನವರು ಆ ಹುಡುಗನನ್ನ ಓದೋಕೆ ಬನಾರಸ್‌ಗೆ ಕಳಿಸಿದರು. ಹುಡುಗ ಹಿಂದಿ ಎಂ.ಎ. ಮಾಡಿದ, ಓಂಕಾರನಾಥ ಠಾಕೂರ್ ಅವರ ಹತ್ತಿರ ಸಂಗೀತ ಕಲಿತ. ಅವರೇ ಬಿ.ವಿ. ಕಾರಂತ.

ಕಾರಂತರು ನಾಟಕ ಮಾಡಿಸಿದರು, ಸಿನಿಮಾ ಮಾಡಿದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ನಡೆಸಿದರು, ಮೈಸೂರಿನ ರಂಗಾಯಣ ಕಟ್ಟಿದರು. ಕಲ್ಲು, ಕಟ್ಟಿಗೆ, ಕಾಗದ ಕೈಗೆ ಸಿಕ್ಕರೂ ಅದರಿಂದ ಸಂಗೀತ ಎಬ್ಬಿಸಿದರು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಎಷ್ಟು ಕೆಲಸ ನೋಡಿ! ಆದರೆ ಎಲ್ಲದರ ಒಳಗೂ ಇದ್ದದ್ದು ಒಂದೇ ಕಿವಿ. ಆ ಕಿವಿಯ ಮೇಲೆ ಮೊದಲು ದುಡ್ಡು ಹಾಕಿದ್ದು ನಮ್ಮ ಗುಬ್ಬಿ ಕಂಪನಿ.

ಈಗ ಗುಬ್ಬಿಯಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜಿದೆ. ಅದರ ಹೆಸರೂ ಚನ್ನಬಸವೇಶ್ವರ. ತುಮಕೂರಿನಲ್ಲಿ ವೀರಣ್ಣನವರ ಹೆಸರಲ್ಲಿ ಕಲಾಕ್ಷೇತ್ರ ಇದೆ. ಒಂದು ಕಡೆ ಶಬ್ದದ ಗಣಿತ ಗೊತ್ತಿರೋರು, ಇನ್ನೊಂದು ಕಡೆ ಶಬ್ದದ ಬಳಕೆ ಗೊತ್ತಿರೋರು. ಇವರಿಬ್ಬರ ಮಧ್ಯೆ ಒಂದು ಕೋಣೆ ಬೇಕು. ಹೊರಗಿನ ಗದ್ದಲ ಒಳಗೆ ಬಾರದ ಹಾಗೆ ಕಟ್ಟಿದ, ನಾಲ್ಕು ಒಳ್ಳೆ ಮೈಕ್ ಇರೋ, ಕೆಲಸ ಗೊತ್ತಿರೋ ಒಬ್ಬ ಗುರು ಇರೋ ರೆಕಾರ್ಡಿಂಗ್ ಕೋಣೆ. ತತ್ವಪದ ಹಾಡೋ ಅಜ್ಜನೂ ಅಲ್ಲಿಗೆ ಬರಲಿ, ರಾಕ್ ನುಡಿಸೋ ಮೊಮ್ಮಗನೂ ಬರಲಿ. ಕೋಟಿಗಟ್ಟಲೆ ಸುರಿದು ವರ್ಷಕ್ಕೊಂದು ಉತ್ಸವ ಮಾಡೋ ನಮ್ಮ ಜನಪ್ರತಿನಿಧಿಗಳಿಗೆ ಇದು ಅಸಾಧ್ಯವಾ? ಉತ್ತರ ಅವರೇ ಕೊಡಲಿ.

ಸರ್ಕಾರ ಮಾಡೋವರೆಗೂ ಕಾಯಬೇಕಾಗಿಲ್ಲದ ಒಂದು ಕೆಲಸ ನಮ್ಮ ಕೈಯಲ್ಲೂ ಇದೆ. ಮದುವೆಯಲ್ಲಿ ಶಾಮಿಯಾನಕ್ಕೆ, ಬಾಳೆ ಎಲೆಗೆ, ಹೂವಿಗೆ ಲೆಕ್ಕ ಹಾಕಿ ದುಡ್ಡು ಕೊಡ್ತೀವಿ. ಸೌಂಡ್ ಹುಡುಗ ಬಂದರೆ "ನಾಳಿದ್ದು ಬಾರಪ್ಪ" ಅಂತೀವಿ. ರಾತ್ರಿ ಎರಡು ಗಂಟೆಗೆ ವೈರು ಸುತ್ತುತ್ತಾ ನಿಂತಿರೋ ಆ ಹುಡುಗನ ಹೆಸರು ಕೇಳಿ. ಊಟ ಆಯ್ತಾ ಅಂತ ಕೇಳಿ. ದುಡ್ಡು ಅವತ್ತೇ ಕೊಡಿ.